ದೊಡ್ಡಮ್ಮನ ಸೋಬಾನೆಯ ಹಕ್ಕುದಾರರು

ಅಕ್ಕನ ಮಗಳ ಮದುವೆಯ ಕರೆಯೋಲೆಯನ್ನು ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕಿದವಳು ನಾನೇ. ಹಾಕಿ, ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಅದರ ಧ್ವನಿಯನ್ನು ಕಿತ್ತುಹಾಕಿದ್ದರು. ಚಿತ್ರವೇನೋ ಓಡುತ್ತಿತ್ತು. ಅಕ್ಕನ ಮದುವೆಯ ದಿನದ ಚಪ್ಪರ, ತೋರಣ, ಹಸೆಮಣೆಯ ಪಕ್ಕ ಕೂತ ದೊಡ್ಡಮ್ಮ. ಅವರ ಬಾಯಿ ಆಡುತ್ತಿತ್ತು, ಹಾಡು ಮಾತ್ರ ಇರಲಿಲ್ಲ. ಈ ಹಾಡಿನ ಹಕ್ಕು ಬೇರೊಬ್ಬರದು, ನೀವು ಅನುಮತಿಯಿಲ್ಲದೆ ಬಳಸಿದ್ದೀರಿ ಎಂದು ಕೆಳಗೆ ಬರೆದಿತ್ತು.

ದೊಡ್ಡಮ್ಮ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ. ಗೋಣಿಬೀಡಿನ ಸುತ್ತಮುತ್ತ ಅವರು ಸೋಬಾನೆ ಹೇಳದ ಮದುವೆ ಇಲ್ಲ. ಹೋದ ಮಳೆಗಾಲದಲ್ಲಿ ಗಂಟಲಿನ ಆಪರೇಷನ್ ಆಗಿ ದನಿ ಹೋಯಿತು. ಈಗ ಮಾತೆಲ್ಲ ಬರೀ ಉಸಿರು, ಕಿವಿ ಹತ್ತಿರ ಇಟ್ಟರೆ ಮಾತ್ರ ತಿಳಿಯುತ್ತದೆ. ಅವರ ದನಿ ಉಳಿದಿದ್ದು ಅಕ್ಕನ ಮದುವೆಯ ಹಳೇ ವಿಡಿಯೊ ಕ್ಯಾಸೆಟ್ಟಿನಲ್ಲಿದ್ದ ಆ ಒಂದು ಹಾಡಿನಲ್ಲಿ. ಅಕ್ಕನ ಮಗಳಿಗೆ ಇದ್ದಿದ್ದು ಒಂದೇ ಹಟ: ತಾನು ಹಸೆಗೆ ಕೂರುವಾಗ ಆ ದನಿ ಕೇಳಬೇಕು.

ಆ ಹಾಡನ್ನು ಹಿಂದೆ ಆಲ್ದೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಕಿಸಿದ್ದೆವು. ಆಗ ನಮ್ಮ ಕಡೆ ನೆಟ್‌ವರ್ಕ್ ಎಲ್ಲಿತ್ತು? ಹಾಡು ಬೇಕಾದವರು ಅಂಗಡಿಗೆ ಹೋಗಿ ಕಾರ್ಡ್ ತುಂಬಿಸಿಕೊಂಡು ಬರುವುದು, ಆಮೇಲೆ ಕಾಫಿ ಕೊಯ್ಲಿನ ಬಿಡುವಿನಲ್ಲಿ ಫೋನಿನಿಂದ ಫೋನಿಗೆ ದಾಟಿಸುವುದು. ದೊಡ್ಡಮ್ಮನ ಹಾಡು ಹಾಗೇ ದಾಟಿ ದಾಟಿ ಕಳಸ, ಹೊರನಾಡಿನವರೆಗೂ ಹೋಗಿತ್ತು. ಯಾರೂ ಯಾರನ್ನೂ ಕೇಳಲಿಲ್ಲ. ದೊಡ್ಡಮ್ಮನಿಗಂತೂ ಅದರಲ್ಲಿ ಹೆಮ್ಮೆಯೇ ಇತ್ತು.

ಹಕ್ಕುದಾರರು ಯಾರೆಂದು ಹುಡುಕಿದರೆ ಪೇಟೆಯ ಒಂದು ಆಡಿಯೊ ಕಂಪನಿ. ಅವರ ಮದುವೆ ಹಾಡುಗಳ ಆಲ್ಬಂ ಒತ್ತಿ ಕೇಳಿದೆ. ಮೊದಲು ಗಡಸು ದನಿಯ ಒಬ್ಬರು, ನಕಲು ಮಾಡುವುದು ಅಪರಾಧ ಎಂದು ಎಚ್ಚರಿಸಿದರು. ಆಮೇಲೆ ಕೀಬೋರ್ಡು, ತಬಲ. ಅವುಗಳ ನಡುವೆ ದೊಡ್ಡಮ್ಮ! ಅಕ್ಕನ ಮದುವೆಯ ದಿನ ಪಕ್ಕದಲ್ಲಿ ಕೂತು ಕೆಮ್ಮಿದ ಚಿಕ್ಕಪ್ಪನ ಕೆಮ್ಮು ಕೂಡ ಹಾಗೇ ಇತ್ತು. ಹಾಡಿದವರು: ಅಜ್ಞಾತ ಎಂದು ಬರೆದಿತ್ತು. ಗೋಣಿಬೀಡಿನ ಬಸ್ಸಿನ ಕಂಡಕ್ಟರಿಗೂ ಗೊತ್ತಿರುವ ಹೆಂಗಸು ಇವರಿಗೆ ಅಜ್ಞಾತವಂತೆ!

ಫೋನ್ ಮಾಡಿದೆ. ಎತ್ತಿದವರು ಬಹಳ ಮರ್ಯಾದಸ್ಥರು. "ಮೇಡಂ, ನಿಮ್ಮಂಥೋರು ಹೀಗೆ ಫ್ರೀಯಾಗಿ ಹಂಚಿ ಹಂಚಿನೇ ನಮ್ಮ ಉದ್ಯಮ ಮುಳುಗಿದ್ದು," ಎಂದರು.

"ಆ ಹಾಡು ನಿಮಗೆ ಎಲ್ಲಿ ಸಿಕ್ತು ಹೇಳಿ."

"ಯಾರೋ ಒಂದು ಕಾರ್ಡಲ್ಲಿ ತಂದುಕೊಟ್ರು. ನಾವು ಕ್ಲೀನ್ ಮಾಡಿ, ಮ್ಯೂಸಿಕ್ ಹಾಕಿ, ರಿಜಿಸ್ಟರ್ ಮಾಡಿಸಿದೀವಿ."

ನಮ್ಮ ಕಾರ್ಡಿನಿಂದಲೇ ಎತ್ತಿಕೊಂಡವರು ನಮ್ಮನ್ನೇ ಕಳ್ಳರು ಅನ್ನುತ್ತಿದ್ದಾರೆ! ಆ ದನಿ ನಿಮ್ಮದೇ ಮನೆಯದು ಎನ್ನುವುದಕ್ಕೆ ದಾಖಲೆ ಕಳಿಸಿ ಎಂದು ಹೇಳಿ ಅವರು ಫೋನಿಟ್ಟರು.

ದೊಡ್ಡಮ್ಮನ ಹತ್ತಿರ ಓಡಿ, ಫೋನಿನಲ್ಲಿ ಆ ಆಲ್ಬಂ ಹಾಕಿ ಕೇಳಿಸಿದೆ. ಅಳುತ್ತಾರೆ, ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು. "ಹಾಡ್ಕಳ್ಳಿ ಬಿಡೇ ಮಾರಾಯ್ತಿ. ನಾನೂ ಯಾರ್ದೋ ಬಾಯಿಂದ್ಲೇ ಕಲ್ತಿದ್ದು." ಅಷ್ಟರಲ್ಲಿ ಹಾಡಿನಲ್ಲಿ ಮದುಮಗಳ ಹೆಸರು ಬಂತು. ಅಕ್ಕನ ಹೆಸರು. ದೊಡ್ಡಮ್ಮ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಇದೆಂತದೇ? ಹೆಸ್ರು ತೆಗ್ದೇ ಇಲ್ವಲ್ಲೇ!"

ಸೋಬಾನೆಗೆ ಇರುವುದು ಅದೊಂದೇ ಕಟ್ಟುಪಾಡು. ಹಾಡನ್ನು ಯಾರು ಬೇಕಾದರೂ ಒಯ್ಯಬಹುದು, ಆದರೆ ಹೇಳುವವರು ಹಿಂದಿನ ಹೆಸರು ತೆಗೆದು ತಮ್ಮ ಮದುಮಗಳ ಹೆಸರು ಕೂರಿಸಬೇಕು. "ಯಾವ್ಯಾವ ಮದ್ವೇಲಿ ಇದನ್ನ ಹಾಕಿದಾರೋ! ಆ ಹೆಣ್ಮಕ್ಳಿಗೆಲ್ಲ ನಮ್ ಹುಡ್ಗಿ ಹೆಸ್ರಲ್ಲಿ ಸೋಬಾನೆ ಆಯ್ತಾ?" ಎಂದು ಉಸಿರುಗಟ್ಟಿ ಕೇಳಿದರು. ಆಮೇಲೆ ನನ್ನನ್ನೇ ದುರುಗುಟ್ಟಿ ನೋಡಿದರು. "ಅವ್ಳ ಮಗಳಿಗೂ ಇದನ್ನೇ ಹಾಕಕ್ಕೆ ಹೊರಟಿದ್ರಾ?"

ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಕೊನೆಗೆ ಅವರೇ ತೀರ್ಮಾನ ಮಾಡಿದರು: ಹಾಡುವವಳು ನಾನು, ಪಕ್ಕದಲ್ಲಿ ಕೂರುವವರು ಅವರು. ಮದುಮಗಳು ಸ್ವಲ್ಪ ಅತ್ತು ಒಪ್ಪಿಕೊಂಡಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವರು ನನ್ನ ಕಿವಿಯಲ್ಲಿ ಸಾಲು ಸಾಲಾಗಿ ಉಸುರಿದರು, ನಾನು ಹೇಳಿ ಹೇಳಿ ಕಲಿತೆ. ಅತ್ತ ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಕಂಪನಿಯ ಮೇಲೆ ಸಿಟ್ಟೋ ಸಿಟ್ಟು. ನೋಡಿ ನಮ್ಮ ದೊಡ್ಡಮ್ಮನ ದನಿ, ಕದ್ದಿದ್ದಾರೆ ಎಂದು ಒಬ್ಬರಿಂದ ಒಬ್ಬರಿಗೆ ಆ ಆಲ್ಬಂ ಹೋಯಿತು. ಅಡಿಗೆಮನೆಯಲ್ಲಿ, ಕಣದಲ್ಲಿ, ಜೀಪಿನಲ್ಲಿ ಅದೇ ಹಾಡು, ಹೆಂಗಸರಿಗೆಲ್ಲ ಬಾಯಿಪಾಠವಾಗುವಷ್ಟು ಸಲ.

ಮದುವೆ ಮೂಡಿಗೆರೆಯ ಕಲ್ಯಾಣ ಮಂಟಪದಲ್ಲಿ. ಮದುಮಗಳು ಹಸೆಗೆ ಕೂತಳು. ದೊಡ್ಡಮ್ಮ ನನ್ನ ಮಂಡಿಯ ಮೇಲೆ ಕೈ ಇಟ್ಟರು. ನಾನು ಮೊದಲ ಸಾಲು ಎತ್ತಿ, ಆ ಹುಡುಗಿಯ ಹೆಸರನ್ನು ಎಲ್ಲಿ ಕೂರಿಸಬೇಕೋ ಅಲ್ಲೇ ಕೂರಿಸಿ ಹೇಳಿದೆ. ಹಿಂದೆ ಕೂತ ಹೆಂಗಸರು ಅದೇ ಸಾಲನ್ನು ತಿರುಗಿ ಹೇಳಬೇಕು, ಅದು ವಾಡಿಕೆ. ಹೇಳಿದರು, ಒಂದೇ ದನಿಯಲ್ಲಿ, ಮಂಟಪ ತುಂಬುವ ಹಾಗೆ. ಅಕ್ಕನ ಹೆಸರಿನಲ್ಲಿ.

ಕಳಶ ಹಿಡಿದು ನಿಂತಿದ್ದ ಅಕ್ಕ ಯಾರೋ ಕರೆದ ಹಾಗೆ ತಿರುಗಿ ನೋಡಿದಳು. ಮದುಮಗಳು ತಲೆ ಎತ್ತಿದಳು. ದೊಡ್ಡಮ್ಮ ಅರ್ಧ ಎದ್ದು, ಹೆಂಗಸರತ್ತ ಕೈ ಚಾಚಿ, ನಿಲ್ಲಿಸಿ ಎಂದು ಕೂಗಿದರು. ಅವರ ಬಾಯಿ ಆಡುವುದು ಮಾತ್ರ ಕಂಡಿತು. ಹೆಂಗಸರು ಎರಡನೇ ಸಲವೂ ಅಕ್ಕನ ಹೆಸರನ್ನೇ ಹೇಳಿದರು.