ಎಡಕ್ಕೆ ವಾಲಿದ ಮುಳ್ಳು

ಕಾರಿನ ಹೊಸ ಮೀಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಎಂಜಿನ್ ಚಾಲೂ ಮಾಡಿದರೆ ಮುಳ್ಳು ಎಡಕ್ಕೆ ಹೋಗಿ ಮಲಗಿತು. ಎಡಕ್ಕೆ, ಅಂದರೆ ಮೈನಸ್ ಕಡೆಗೆ. ಶುಭಕಾರ್ಯಕ್ಕೆ ಯಾರಾದರೂ ಎಡಗಾಲಿಟ್ಟು ಬರುತ್ತಾರೆಯೇ?

ಮೀಟರು ನಮ್ಮ ಭಟ್ಕಳದ ಫಾರಿನ್ ಮಾಲಿನ ಅಂಗಡಿಯದು. ದುಬೈಯಿಂದ ಯಾರದೋ ಸೂಟ್‌ಕೇಸಿನಲ್ಲಿ, ಸೆಂಟಿನ ಬಾಟಲಿಗಳ ನಡುವೆ ಬಂದದ್ದು. ಬ್ಯಾಟರಿಗೆ ಕರೆಂಟು ಸೇರುತ್ತಿದ್ದರೆ ಮುಳ್ಳು ಬಲಕ್ಕೆ, ಖರ್ಚಾಗುತ್ತಿದ್ದರೆ ಎಡಕ್ಕೆ. ನನ್ನ ಹಳೇ ಕಾರಿನಲ್ಲಿ ಇದನ್ನು ಹೇಳಬೇಕಾದ ಕೆಂಪು ದೀಪ ತೀರಿಕೊಂಡು ವರ್ಷಗಳಾಗಿವೆ.

ಮರುದಿನ ತಂಗಿ ಶಾರದೆಯನ್ನು ಕುಮಟೆಗೆ, ಟೀಚರ್ ಕೆಲಸದ ಇಂಟರ್‌ವ್ಯೂಗೆ ಕರೆದೊಯ್ಯಬೇಕಿತ್ತು. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸೋತ ಮೇಲೆ ಬಂದ ಮೊದಲ ಕರೆ. ದಾರಿಯಲ್ಲಿ ಕಾರು ಕೈಕೊಡಬಾರದೆಂದೇ ಈ ಮೀಟರು.

ವೈರಿಂಗ್ ಮಾಡಿದವನು ಬಂದರದ ಗಣಪು. ಮೀನಿನ ಲಾಂಚುಗಳ ಡೈನಮೋ ರಿಪೇರಿ ಅವನ ಕಸುಬು. ಮುಳ್ಳು ನೋಡಿ, "ಡೈನಮೋ ಚಾರ್ಜ್ ಕೊಡ್ತಾ ಇಲ್ಲ ವಕೀಲ್ರೇ. ಬಿಚ್ಚಿ ನೋಡ್ಬೇಕು. ನಾಳೆ ಸಂಜೆಗೆ ಕೊಡ್ತೆ" ಅಂದ.

"ನಾಳೆ ಬೆಳಿಗ್ಗೆಯೇ ಹೊರಡಬೇಕು ಮಾರಾಯ. ನೀನು ತಂತಿ ಉಲ್ಟಾ ಕೊಟ್ಟಿದ್ದೀಯ."

"ಎಂತಕ್ಕೆ ಉಲ್ಟಾ ಕೊಡ್ಲಿ?"

ಬಾಗಿಲಲ್ಲಿ ನಿಂತಿದ್ದ ನನ್ನ ತಾಯಿ ತೀರ್ಪು ಕೊಟ್ಟರು. "ಪೂಜೆ ಆದ ಗಾಡಿ. ಎಡಕ್ಕೆ ಹೋಗೂದು ಬ್ಯಾಡ. ಬಲಕ್ಕೆ ಮಾಡಿ ಕೊಡು ತಮಾ."

ನಾನೂ ವಾದಿಸಿದೆ. ಕೋರ್ಟಿನಲ್ಲಿ ವರ್ಷಗಟ್ಟಲೆ ಗೆಲ್ಲದವನು ಅಂಗಳದಲ್ಲಿ ಹತ್ತೇ ನಿಮಿಷಕ್ಕೆ ಗೆದ್ದೆ. "ಆತು, ಗಾಡಿ ನಿಮ್ದು" ಎಂದು ಗಣಪು ಎರಡು ತಂತಿ ಅದಲುಬದಲು ಮಾಡಿದ. ಮುಳ್ಳು ಬಲಕ್ಕೆ ಬಂತು. ಎಲ್ಲರಿಗೂ ಸಮಾಧಾನ.

ನಗಬೇಡಿ. ಜ್ವರ ಹೆಚ್ಚು ತೋರಿಸಿದರೆ ಥರ್ಮಾಮೀಟರು ಸರಿಯಿಲ್ಲ, ಜಾತಕ ಕೂಡಿಬರದಿದ್ದರೆ ಜೋಯಿಸರು ಸರಿಯಿಲ್ಲ. ಇನ್ನೊಬ್ಬ ಜೋಯಿಸರ ಮನೆ ನೀವೂ ಹುಡುಕಿದವರೇ ತಾನೆ?

ಬೆಳಿಗ್ಗೆ ಜಡಿಮಳೆ. ಹೆಡ್‌ಲೈಟು, ವೈಪರು ಎರಡೂ ಹಾಕಿಕೊಂಡೇ ಹೊರಟೆವು. ಶಾರದೆ ಪಕ್ಕದಲ್ಲಿ ಕೂತು ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ನಡುವೆ ತಲೆ ಎತ್ತಿ, "ದೀಪ ಮಂಕಾದ ಹಾಗೆ ಕಾಣ್ತದಲ್ಲ ಅಣ್ಣ" ಅಂದಳು.

"ಮೀಟರು ನೋಡು" ಅಂದೆ. ಮುಳ್ಳು ಬಲಕ್ಕೇ ಇತ್ತು.

ಶರಾವತಿ ದಾಟಲು ಕಾರನ್ನು ಬಾರ್ಜಿಗೆ ಹತ್ತಿಸಿ ಎಂಜಿನ್ ಆರಿಸಿದೆ. (ಸೇತುವೆ ಆಗುತ್ತದಂತೆ. ಆಗಲಿ.) ಬಾರ್ಜು ಹೊನ್ನಾವರದ ದಡ ಮುಟ್ಟಿತು, ಕೀಲಿ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೇ. ಇಳಿಯುವ ಸಾಲಿನಲ್ಲಿ ನಮ್ಮದೇ ಮೊದಲ ಗಾಡಿ. ಹಿಂದೆ ಹೆಂಚಿನ ಲಾರಿ, ಅದರ ಹಾರ್ನು, ಅದರ ಡ್ರೈವರನ ಬಾಯಿ.

ಕೊನೆಗೆ ಬಾರ್ಜಿನಲ್ಲಿದ್ದ ಪರಿಚಯದ ಮೀನಿನ ಹೆಂಗಸರು ಬುಟ್ಟಿ ಇಳಿಸಿ ಕೈ ಹಚ್ಚಿದರು. "ಎಂತ ವಕೀಲ್ರೇ, ಒಂದು ಜೋಡಿ ಎತ್ತು ಕಟ್ಕಂಡು ಬರೂಕಾಗ್ಲಿಲ್ವಾ?" ಎಂದಳು ಒಬ್ಬಳು. ಇಂಟರ್‌ವ್ಯೂಗೆಂದು ಉಟ್ಟ ಸೀರೆಯ ನೆರಿಗೆ ಎತ್ತಿ ಕಟ್ಟಿ ಶಾರದೆಯೂ ತಳ್ಳಿದಳು. ಆಮೇಲೆ ಅದೇ ಕೆಸರು ಕಾಲಿನಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಹತ್ತು ಗಂಟೆಗೆ ಕುಮಟೆಯಲ್ಲಿರಬೇಕಾದವಳು ಹೊನ್ನಾವರ ಬಿಟ್ಟದ್ದೇ ಹತ್ತಕ್ಕೆ. ಅವಳ ಬೆನ್ನು ನೋಡುತ್ತ ನಿಂತಾಗ ನನಗೆ ಹೇಳಲಾಗದಷ್ಟು ನಾಚಿಕೆಯಾಯಿತು.

ಅಲ್ಲಿಯ ಗ್ಯಾರೇಜಿನಲ್ಲಿ ಬಿಚ್ಚಿಸಿದರೆ ಡೈನಮೋದೊಳಗಿಂದ ಕರೆಂಟು ಹೊರಗೆ ತರುವ ಕಾರ್ಬನ್ ತುಂಡು ಪೂರ್ತಿ ಸವೆದು ಹೋಗಿತ್ತು. ಗಣಪು ಹೇಳಿದ್ದು ಸರಿ. ದುಬೈ ಮುಳ್ಳು ಮೊದಲು ತೋರಿಸಿದ್ದೂ ಸರಿ. ತಂತಿ ಅದಲುಬದಲಾದ ಮೇಲೆ ದಾರಿಯುದ್ದಕ್ಕೂ ಅದು ಬಲಕ್ಕೆ ತೋರಿಸಿದ್ದು ಖರ್ಚನ್ನೇ.

ಮಧ್ಯಾಹ್ನ ಶಾರದೆ ಕುಮಟೆಯಿಂದ ನೇರ ಗ್ಯಾರೇಜಿಗೇ ಬಂದಳು.

"ಹೇಗಾಯ್ತು?" ಎಂದೆ.

"ಚಲೋ ಆತು ಅಣ್ಣ" ಅಂದಳು, ಕೊಡೆಯ ನೀರು ಕೊಡವುತ್ತ, ನನ್ನ ಮುಖ ನೋಡದೆ.

ಇನ್ನೊಮ್ಮೆ ಕೇಳಲಿಲ್ಲ. ನನಗೆ ಬೇಕಿದ್ದದ್ದೂ ಅದೇ ಉತ್ತರವಲ್ಲವೇ?