ಕಡಲಿಗೆ ಹೋದ ಮಳೆ ಗ್ಲಾಸು

ಬಾಗಿಲಿಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಎಳೆದು ನೋಡುವವನು ನಾನು. ಅಷ್ಟು ಎಳೆದದ್ದರಿಂದಲೇ ಸಡಿಲವಾಗಿರಬಹುದೇ ಎಂದು ನಾಲ್ಕನೆಯ ಸಲವೂ ಎಳೆಯುತ್ತೇನೆ. ಇಂಥವನನ್ನು ಕಟ್ಟಿಕೊಂಡದ್ದರಿಂದ ನನ್ನ ಹೆಂಡತಿ ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ ಕಡಲ ಬದಿಯಲ್ಲಿ ಒಂದು ದಿನ ತಂಗಿರಲಿಲ್ಲ. ಕಣ್ಣೂರು ನಮ್ಮ ತೋಟದಿಂದ ಹೆಚ್ಚೆಂದರೆ ಮೂರು ಗಂಟೆಯ ದಾರಿ. ಹೊರಟಿರಲಿಲ್ಲ ಎಂದಲ್ಲ. ಒಮ್ಮೆ ವಿರಾಜಪೇಟೆ ದಾಟುವ ಮೊದಲೇ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಕಾರು ತಿರುಗಿಸಿದೆ. ಇನ್ನೊಮ್ಮೆ ಮಾಕುಟ್ಟದ ಘಾಟಿಯಲ್ಲಿ ಒಂದು ಮೋಡ ಕಂಡು, ಕಣದಲ್ಲಿ ಒಣಗುತ್ತಿದ್ದ ಕಾಫಿ ನೆನಪಾಗಿ ತಿರುಗಿಸಿದೆ. ಗ್ಯಾಸ್ ಆಫ್ ಆಗಿತ್ತು. ಮಳೆ ಬರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ ರೊಟ್ಟಿ ಬೇಯಿಸುತ್ತಿದ್ದವಳು ಕಾವಲಿ ಕೆಳಗಿಟ್ಟು, "ಇವತ್ತು ಕಣ್ಣೂರಿಗೆ ಹೋಗುವ" ಎಂದಳು.

"ಇವತ್ತಾ? ಮೊಗ್ಗು ತುಂಬಿ ನಿಂತಿದೆ, ಹೂಮಳೆ ಯಾವಾಗ ಬರ್ತದೋ ಗೊತ್ತಿಲ್ಲ…"

"ಪಿಕ್ಕಿಂಗ್ ಇದ್ರೆ ಪಿಕ್ಕಿಂಗ್ ಅಂತೀರಿ, ಮೊಗ್ಗಿದ್ರೆ ಮೊಗ್ಗು ಅಂತೀರಿ, ಮಳೆಗಾಲದಲ್ಲಿ ಮಳೆ. ನನಗೆ ಯಾವ ತಿಂಗಳು ಉಂಟು ಹೇಳಿ? ಇವತ್ತು ಹೋಗಿ ನಾಳೆ ಸಂಜೆ ಬರುದು. ಈ ಸಲ ನೀವು ತಿರುಗಿದ್ರೆ ನಾನು ತಿರುಗುದಿಲ್ಲ. ಈಗಲೇ ಹೇಳಿದ್ದೇನೆ."

ಕಾಫಿ ಗೊತ್ತಿಲ್ಲದವರಿಗೆ ನನ್ನ ಸಂಕಟ ಅರ್ಥವಾಗಲು ಒಂದು ಮಾತು ಹೇಳಬೇಕು. ಮೊಗ್ಗು ಬಲಿತಾಗ ಒಂದು ಒಳ್ಳೆಯ ಮಳೆ ಬಿದ್ದರೆ ವಾರದೊಳಗೆ ತೋಟ ಬಿಳಿಯಾಗುತ್ತದೆ. ಮಳೆ ಬರದಿದ್ದರೆ ಕಾಯಬಹುದು. ಆದರೆ ಅರೆಬರೆ ಬಂತೋ, ಮೊಗ್ಗು ಅರ್ಧ ಅರಳಿ ಕೆಟ್ಟುಹೋಗುತ್ತದೆ. ಆಗ ಮರುದಿನವೇ ಪಂಪ್ ಹಚ್ಚಿ, ಸ್ಪ್ರಿಂಕ್ಲರ್ ತಿರುಗಿಸಿ, ಮಳೆಯ ಬಾಕಿಯನ್ನು ನಾವು ತೀರಿಸಬೇಕು. ನಮ್ಮ ಹಳೆಯ ಡೀಸೆಲ್ ಎಂಜಿನ್ ನನ್ನ ಕೈಗಲ್ಲದೆ ಬೇರೆ ಯಾರ ಕೈಗೂ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಎಷ್ಟು ಬಿತ್ತು ಎಂಬುದೇ ಮುಖ್ಯ. ನಮ್ಮಲ್ಲಿ ಅದನ್ನು ಸೆಂಟ್ ಲೆಕ್ಕದಲ್ಲಿ ಹೇಳುತ್ತೇವೆ, ನೂರು ಸೆಂಟಿಗೆ ಒಂದು ಇಂಚು. ಗೋಣಿಕೊಪ್ಪಲಿನಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮಸಮಾಚಾರಕ್ಕೂ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಎನ್ನುತ್ತಾರೆ. ಪಕ್ಕದ ತೋಟದ ಲೆಕ್ಕ ನಮಗೆ ಆಗುವುದಿಲ್ಲ. ರಸ್ತೆಯ ಆ ಬದಿ ಸುರಿದ ಮಳೆ ಈ ಬದಿಗೆ ಬರಬೇಕೆಂದೇನಿಲ್ಲ. ನಾನಂತೂ ಅಂಗಳದ ಮಳೆ ಮಾಪಕದ ನೀರನ್ನು ಪ್ರತಿದಿನ ಬೆಳಗ್ಗೆ ಎಂಟಕ್ಕೆ ಗ್ಲಾಸಿಗೆ ಸುರಿದು, ಗೆರೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನದ ಲೆಕ್ಕವೂ ತಪ್ಪಿಲ್ಲ. ಇದನ್ನು ಕೇಳದವರಿಗೂ ಹೇಳುತ್ತೇನೆ.

ಹೊರಟೆವು. ತೋಟದ ಕೂಲಿಯವರ ಲೈನಿನಲ್ಲಿ ಗಂಡನೊಡನೆ ಇರುವ, ನಮ್ಮ ಹಸು ಕರೆಯುವ ಹೆಂಗಸಿಗೆ ಮನೆ ನೋಡಿಕೊಳ್ಳಲು ಹೇಳಿದೆವು. ಹೆಂಡತಿ ನನ್ನ ಫೋನನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು. ಪೆರುಂಬಾಡಿ ಚೆಕ್‌ಪೋಸ್ಟಿನಲ್ಲಿ ನಾನು ಬ್ರೇಕ್ ಒತ್ತಿದಾಗ "ಎಂತ?" ಎಂದಳು. "ಎಂತದೂ ಇಲ್ಲ, ಮುಂದೆ ಲಾರಿ" ಎಂದೆ. ಲಾರಿ ನಿಜವಾಗಿಯೂ ಇತ್ತು.

ಮಧ್ಯಾಹ್ನ ಕಣ್ಣೂರಿನ ಲಾಡ್ಜ್‌ನಲ್ಲಿ ಅವಳು ಬಟ್ಟೆ ಚೀಲ ಬಿಚ್ಚಿದಳು. ನನ್ನ ಟವೆಲ್ಲಿನ ಸುರುಳಿಯೊಳಗಿಂದ ಉದ್ದನೆಯ ಗೆರೆಗಳ ಗ್ಲಾಸು ಹೊರಬಂತು. ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದೆಂತಕ್ಕೆ? ಸಮುದ್ರ ಅಳೀಲಿಕ್ಕಾ?"

ಬೆಳಗ್ಗೆ ಎಂಟಕ್ಕೆ ಸೊನ್ನೆ ಬರೆದು ಏಳುವಾಗ ಅವಳು ಹಾರ್ನ್ ಹೊಡೆದಿದ್ದಳು. ನಾವಿಲ್ಲದಾಗ ಗ್ಲಾಸು ಒಡೆದರೆ ಎಂಬ ಭಯಕ್ಕೆ ಅದನ್ನು ಟವೆಲ್ಲಿಗೆ ಸುತ್ತಿದ್ದೆ. ಕೈಗೆ ಸಿಕ್ಕಿದ್ದು ಕಣ್ಣೂರಿಗೆ ಹೊರಟ ಟವೆಲ್ಲು.

ಸಂಜೆ ಮರಳಿನ ಮೇಲೆ ಕೂತಿದ್ದೆವು. ಅವಳು ಪಡುವಣಕ್ಕೆ ಮುಖ ಮಾಡಿ ಕೂತರೆ ನಾನು ಮೂಡಣಕ್ಕೆ. ನಮ್ಮ ಬೆಟ್ಟಗಳಿರುವ ದಿಕ್ಕಿನಲ್ಲಿ ಆಕಾಶ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ಹೆಂಡತಿಯ ಫೋನ್ ಬಡಿದುಕೊಂಡಿತು. ಲೈನಿನ ಹೆಂಗಸು. ಸ್ಪೀಕರ್ ಹಾಕದಿದ್ದರೂ ಕೇಳುವಂಥ ದನಿ.

"ಅಕ್ಕಾ, ಮಳೆ ಬಂತು ಅಕ್ಕಾ! ನಾಲ್ಕು ಗಂಟೆಗೆ ಹಿಡಿದದ್ದು ಈಗ ಬಿಟ್ಟಿತು. ಸಾರಿಗೆ ಹೇಳಿ!"

"ಎಷ್ಟು ಬಂತು?" ನಾನು ಫೋನಿಗೆ ಬಾಯಿ ಹಾಕಿದೆ.

"ಜೋರು ಬಂತು ಸಾರ್."

"ಜೋರು ಅಂದ್ರೆ ಎಷ್ಟು?"

"ಜೋರು ಅಂದ್ರೆ… ಕೋಳಿಗಳೆಲ್ಲ ಒಳಗೆ ಬಂತು ಸಾರ್."

ಇಪ್ಪತ್ತು ಸೆಂಟಿಗೂ ಕೋಳಿ ಒಳಗೆ ಬರುತ್ತದೆ, ಇನ್ನೂರಕ್ಕೂ ಬರುತ್ತದೆ. ನಾನು ಎದ್ದು ಪ್ಯಾಂಟಿನ ಮರಳು ಕೊಡವಿದೆ.

"ಕೂತ್ಕೊಳ್ಳಿ" ಎಂದಳು.

"ಅಲ್ಲ ಮಾರಾಯ್ತಿ, ಇಪ್ಪತ್ತೋ ಮೂವತ್ತೋ ಬಿದ್ದಿದ್ರೆ ನಾಳೆ ಬೆಳಗ್ಗೆಯೇ ಪಂಪ್ ಹಚ್ಚಬೇಕು. ಇಡೀ ವರ್ಷದ ಫಸಲು. ಈಗ ಹೊರಟ್ರೆ…"

"ಹೊರಡಿ. ನಾನು ನಾಳೆ ಸಂಜೆ ಬಸ್ಸಿಗೆ ಬರ್ತೇನೆ."

ಜಗಳದ ದನಿಯಲ್ಲಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಹಾಲು ಉಕ್ಕಿತೆಂದು ಹೇಳುವಷ್ಟು ಸಾದಾ ಆಗಿ ಹೇಳಿದಳು. ನಾನು ಕಾರಿನ ಕಡೆ ಹತ್ತು ಹೆಜ್ಜೆ ಹೋದೆ, ಆರು ಹೆಜ್ಜೆ ವಾಪಸು ಬಂದೆ, ಮತ್ತೆ ಮೂರು ಹೋದೆ. ಕಡಲೆ ಮಾರುವವನು ನಾನು ಏನೋ ಕಳಕೊಂಡು ಹುಡುಕುತ್ತಿದ್ದೇನೆಂದುಕೊಂಡು ಅವನೂ ನೆಲ ನೋಡತೊಡಗಿದ.

ಅವಳು ನನ್ನನ್ನು ನೋಡಿದಳು, ಸಮುದ್ರವನ್ನು ನೋಡಿದಳು, ಒಂದು ದೊಡ್ಡ ಉಸಿರು ಬಿಟ್ಟು ಲೈನಿನ ಹೆಂಗಸಿಗೆ ಫೋನ್ ಮಾಡಿದಳು.

"ಏ, ಇಲ್ಲಿ ಕೇಳು. ನಿನ್ನ ಲೈನಲ್ಲಿ ಕ್ವಾರ್ಟರ್ ಬಾಟ್ಲಿ ಉಂಟಾ?"

"ಅದಕ್ಕೆ ಬರ ಉಂಟಾ ಅಕ್ಕಾ! ನನ್ನ ಗಂಡನ ದಯೆಯಿಂದ ಗೋಡೆಯೇ ಕಟ್ಟಬಹುದು."

"ಎರಡು ತೊಳೆದು ತಕೊಂಡು ಹೋಗಿ, ಅಂಗಳದ ಮಳೆ ಡಬ್ಬದ ನೀರು ಅದಕ್ಕೆ ಹೊಯ್ಯಿ. ಚೆಲ್ಲಬೇಡ. ಎಷ್ಟಾಯ್ತು ಅಂತ ಹೇಳು."

ಫೋನ್ ಮಡಿಲಿಗಿಟ್ಟು, "ಒಂದು ಕ್ವಾರ್ಟರ್ ಅಂದ್ರೆ ಐವತ್ತಾರು ಸೆಂಟ್" ಎಂದಳು, ನನ್ನ ಕಡೆ ತಿರುಗದೆ.

"ನಿಂಗೆ ಹ್ಯಾಗೆ ಗೊತ್ತು?"

"ನಿಮ್ಮ ಹರ್ನಿಯಾ ಆಪರೇಷನ್ ನೆನಪುಂಟಾ?"

ಹನ್ನೊಂದು ವರ್ಷದ ಹಿಂದೆ, ನಾನು ಮೈಸೂರಿನ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದೆ. ಅಣ್ಣ ಜೊತೆಗಿದ್ದ, ಇವಳು ತೋಟಕ್ಕಾಗಿ ಮನೆಯಲ್ಲಿ ಉಳಿದಿದ್ದಳು. ವಾಪಸು ಬಂದ ಮರುದಿನ ನೋಟ್‌ಬುಕ್ ತೆರೆದರೆ ಎಂಟೂ ದಿನದ ಮಳೆ ಇತ್ತು. ನಾನು ಮೆಚ್ಚಿ, ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆಯೋ ಎಂದು ಪರೀಕ್ಷೆ ಬೇರೆ ಮಾಡಿದ್ದೆ.

"ಗ್ಲಾಸು ಕಪಾಟಿನೊಳಗೆ. ಬೀಗದ ಕೈ ನಿಮ್ಮ ಶರ್ಟಿನ ಜೇಬಲ್ಲಿ, ಮೈಸೂರಲ್ಲಿ. ನಾನು ಎಂತ ಮಾಡ್ಲಿ? ಅಟ್ಟದಲ್ಲಿ ನಿಮ್ಮದೇ ಬಾಟ್ಲಿ ಇತ್ತು, ಗೀಟು ಹಾಕಿ ಹಾಕಿ ಅಳೆದೆ. ನೀವು ಬಂದ ರಾತ್ರಿಯೇ ಗ್ಲಾಸಿಗೆ ಹೊಯ್ದು ಲೆಕ್ಕ ಸರಿ ಮಾಡಿ ಬರೆದೆ."

ಬಂದ ದಿನ ಆ ಬೀಗದ ಕೈಯನ್ನು ನಾನೇ ಜೇಬಿನಿಂದ ತೆಗೆದು ಕಪಾಟು ತೆರೆದಿದ್ದೆ. ಹಾಗಿದ್ದೂ ಗ್ಲಾಸಿಲ್ಲದೆ ಇವಳು ಹೇಗೆ ಅಳೆದಳು ಎಂಬ ಪ್ರಶ್ನೆ ಹನ್ನೊಂದು ವರ್ಷ ನನಗೆ ಹೊಳೆದಿರಲಿಲ್ಲ. ಇಲ್ಲದ ಚಿಂತೆಗಳನ್ನೆಲ್ಲ ಹುಡುಕಿ ಮಾಡುವವನಿಗೆ ಮೂಗಿನ ಕೆಳಗಿದ್ದದ್ದು ತಪ್ಪಿಹೋಗಿತ್ತು.

ಫೋನ್ ಬಂತು. "ಅಕ್ಕಾ, ಒಂದು ಬಾಟ್ಲಿ ಕುತ್ತಿಗೆವರೆಗೆ ಫುಲ್. ಇನ್ನೊಂದರಲ್ಲಿ ಲೇಬಲ್ ಪೂರ್ತಿ ಮುಚ್ಚಿ, ಒಂದು ಬೆರಳು ಮೇಲೆ."

ಹೆಂಡತಿ ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. "ತೊಂಬತ್ತಕ್ಕೆ ಮೋಸ ಇಲ್ಲ. ಪಂಪ್ ಬೇಡ. ಈಗ ಆ ಸೂರ್ಯನನ್ನಾದ್ರೂ ನೋಡಿ, ಹೋಗ್ತಾ ಉಂಟು."

ನೋಡಿದೆ. ಬಾಟಲಿ ಸರಿಯಾಗಿ ತೊಳೆದಿದ್ದಳೋ, ತಳದಲ್ಲಿ ಗುಟುಕು ರಮ್ ಉಳಿದಿದ್ದರೆ ಎರಡು ಸೆಂಟ್ ಹೆಚ್ಚು ಬರುವುದಿಲ್ಲವೇ ಎಂದು ಯೋಚಿಸುತ್ತಲೇ ನೋಡಿದೆ. ಕೇಳಲಿಲ್ಲ. ಅದು ನನ್ನ ಮಟ್ಟಿಗೆ ದೊಡ್ಡ ಸಾಧನೆ.

ಭಾನುವಾರ ಉಳಿದೆವು, ಪೂರ್ತಿ. ಅವಳು ಸೀರೆ ಎತ್ತಿ ಕಟ್ಟಿ ಮೊಣಕಾಲಿನ ನೀರಿಗೆ ಹೋದಳು. ನಾನು ಅವಳ ಚಪ್ಪಲಿ ಹಿಡಿದುಕೊಂಡು ದಡದ ಉದ್ದಕ್ಕೂ ಅತ್ತಿತ್ತ ನಡೆದೆ. ಬೆಳಗ್ಗೆ ಎಂಟು ಗಂಟೆಯಾದಾಗ ಕೈ ತಾನಾಗಿ ಪೆನ್ನಿಗಾಗಿ ಜೇಬಿಗೆ ಹೋಯಿತು.

"ಎಂತ ಹುಡುಕ್ತೀರಿ?" ನೀರಿನಿಂದ ಕೂಗಿದಳು.

"ರೂಮಿನ ಬೀಗದ ಕೈ."

"ಉಂಟಾ?"

"ಉಂಟು."

"ಇನ್ನೂ ಎರಡು ಸಲ ನೋಡಿಕೊಂಡು ನೀರಿಗೆ ಬನ್ನಿ."

ಎರಡು ಸಲ ನೋಡಿಕೊಂಡು, ಹೋದೆ.