ನೀರು ಸೋರದ ಟ್ಯಾಂಕರ್

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಾಂಪಲ್ಲಿಯ ಬಾಡಿಗೆ ಮನೆ ಬಿಟ್ಟು ಊರ ಹೊರಗಿನ ಹೊಸ ಫ್ಲ್ಯಾಟಿಗೆ ಬಂದಿದ್ದೆವು. ಅಲ್ಲಿ ನಮಗದು ಮೊದಲ ಬೇಸಿಗೆ. ಕಟ್ಟಡದ ಹಿಂದೆ ಬರೀ ಬಂಡೆ, ಸೀತಾಫಲದ ಪೊದೆ. ನಮ್ಮ ಯಜಮಾನರು ಬೆಳಗ್ಗೆಯೇ ಪಟಾನ್‌ಚೆರುವಿನ ಕಾರ್ಖಾನೆಗೆ ಬಸ್ಸು ಹಿಡಿದರೆ, ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಬೀದರ್ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಮಾವನವರು.

ಬೋರ್‌ವೆಲ್ ಬತ್ತಿತ್ತು. ದಿನಾ ಟ್ಯಾಂಕರಿನಲ್ಲಿ ನೀರು ತರುತ್ತಿದ್ದವನ ಹೆಸರು ಯಾದಗಿರಿ; ಜಹೀರಾಬಾದ್ ಕಡೆಯವನು, ಕನ್ನಡ ಬರುತ್ತಿತ್ತು. ಅವನ ಟ್ಯಾಂಕರಿನ ವಾಲ್ವ್ ಸಡಿಲ. ಬಂದ ದಾರಿಯುದ್ದಕ್ಕೂ ನೀರು ಸೋರಿ ಗುಂಡಿಗಳಲ್ಲಿ ನಿಲ್ಲುತ್ತಿತ್ತು. ಪೊದೆಯೊಳಗಿನ ಜಿಂಕೆಗಳು ಅದನ್ನು ಕುಡಿಯಲು ಬರುತ್ತಿದ್ದವು. ಜೀಪು, ಮೋಟಾರ್‌ಸೈಕಲ್ಲು ಅಂದರೆ ಬಾಲ ಎತ್ತಿ ಓಡುವ ಅವು ಟ್ಯಾಂಕರಿನ ಸದ್ದು ಕೇಳಿದರೆ ಮಾತ್ರ ದಾರಿಯ ಪಕ್ಕಕ್ಕೇ ಬಂದು ಕಾಯುತ್ತಿದ್ದವು. ಕಿವಿ ಹರಿದ ಒಂದು ಹೆಣ್ಣು ಜಿಂಕೆ ಎಲ್ಲಕ್ಕಿಂತ ಮುಂದೆ. ಮಾವನವರು ಅದಕ್ಕೆ ಗಂಗವ್ವ ಅಂತ ಹೆಸರಿಟ್ಟು, ಬಾಲ್ಕನಿಯಿಂದಲೇ ಮಾತಾಡಿಸುತ್ತಿದ್ದರು.

"ವಾಲ್ವ್ ಯಾವಾಗ ರಿಪೇರಿ ಮಾಡಸ್ತೀಯೋ ಯಾದಗಿರಿ?" ಎಂದು ಅವರು ಕೇಳಿದರೆ, ಅವನು ನಗುತ್ತಿದ್ದ. "ಮಾಡ್ಸಿದ್ರ ನಿಮ್ಮ ಗಂಗವ್ವ ನಂಗ ಬೈತಾಳ ತಾತಾ!"

ಒಂದು ಬೆಳಗ್ಗೆ ಯಾದಗಿರಿ ಬರುವ ಹೊತ್ತಿಗಿಂತ ಮೊದಲೇ ಬೇರೊಂದು ಟ್ಯಾಂಕರ್ ನಿಧಾನವಾಗಿ ಬಂತು. ಜಿಂಕೆಗಳು ಎಂದಿನಂತೆ ಹೊರಬಂದವು.

ಮಾವನವರು ಬಾಲ್ಕನಿಯಿಂದ ಕರೆದರು. "ಯವ್ವಾ, ಇಲ್ಲಿ ಬಾ. ಈ ಗಾಡಿ ಒಂದ್ ಹನಿನೂ ಸೋರವಲ್ದು."

"ಹೊಸಾದಿರಬೇಕ್ರಿ ಮಾವಾರ."

"ಅಲ್ಲವ್ವ, ಆಚಿ ಮಗ್ಗಲ ಗಾಲಿ ಹತ್ರ ನೋಡು."

ಬಗ್ಗಿ ನೋಡಿದೆ. ಟ್ಯಾಂಕರಿನ ಆಚೆ ಬದಿಗೆ ಅದರ ಜೊತೆಜೊತೆಗೇ ಮನುಷ್ಯನ ಎರಡು ಕಾಲುಗಳು ನಡೆದು ಬರುತ್ತಿದ್ದವು. ನನಗಿನ್ನೂ ಅರ್ಥವಾಗಿರಲಿಲ್ಲ, ಮಾವನವರು ಗಂಟಲು ಹರಿಯುವ ಹಾಗೆ ಕೂಗಿದರು. "ಹೋಗ! ಓಡ, ಗಂಗವ್ವಾ!"

ಗಂಗವ್ವ ಓಡಲಿಲ್ಲ. ದಿನಾ ಕೇಳುವ ದನಿಯಲ್ಲವೇ? ತಲೆ ಎತ್ತಿ ನಮ್ಮ ಬಾಲ್ಕನಿಯ ಕಡೆ ನೋಡಿತು. ಆಗಲೇ ಗುಂಡು ಹಾರಿತು.

ಗುಂಡು ಹೊಡೆದವನೂ ಡ್ರೈವರನೂ ಅದನ್ನು ಎತ್ತಿ ಗಾಡಿಯ ಕ್ಯಾಬಿನ್ನಿಗೆ ಹಾಕಿಕೊಂಡರು. ಧೂಳು ಇಳಿಯುವಷ್ಟರಲ್ಲಿ ಗಾಡಿ ಇರಲಿಲ್ಲ. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ದೂರು ಕೊಟ್ಟೆವು, ಯಾರೂ ಸಿಗಲಿಲ್ಲ.

ಮಾವನವರು ಅವತ್ತು ಸಂಜೆ ಬಾಯಿ ಬಿಟ್ಟರು. "ಸಣ್ಣಾಂವಿದ್ದಾಗ ನಮ್ಮೂರ ಗೌಡರ ಬೇಟೆ ಬಂಡಿ ನಾನ ಹೊಡೀತಿದ್ದೆ. ಬಂಡಿ ನಿಂತ್ರ ಚಿಗರಿ ಓಡ್ತಾವ. ಅದಕ್ಕ ನಿಲ್ಲಸ್ತಿರಲಿಲ್ಲ. ನಡದಿದ್ದ ಬಂಡಿ ಆಚಿ ಮಗ್ಗಲಕ್ಕ ಗೌಡರು ಇಳೀತಿದ್ರು. ಚಿಗರಿ ಬಂಡಿ ನೋಡ್ಕೋತ ನಿಂತಿರತಿದ್ವು."

ಕೆಲವು ದಿನ ಜಿಂಕೆಗಳ ಸುಳಿವಿರಲಿಲ್ಲ. ಬಾಯಾರಿಕೆ ತಡೆಯಲಿಲ್ಲವೋ ಏನೋ, ಒಂದು ಬೆಳಗ್ಗೆ ಯಾದಗಿರಿಯ ಟ್ಯಾಂಕರ್ ಬಂದಾಗ ಮತ್ತೆ ಬಂದು ನಿಂತವು. ನನಗೆ ಜೀವ ಬಂದಂತಾಯಿತು. ಹಿಂದೆಯೇ ಅಡುಗೆಮನೆಯಿಂದ ಮಾವನವರು ಸ್ಟೀಲ್ ತಾಟು, ಲಟ್ಟಣಿಗೆ ಹಿಡಿದು ಕೆಳಗೆ ಇಳಿದರು. ತಾಟು ಬಡಿದರು. ಕಲ್ಲು ಬೀಸಿದರು. ಒಂದು ಕಲ್ಲು ಮರಿಯ ಪಕ್ಕೆಗೆ ಬಿತ್ತು.

"ಏನ್ ಮಾಡಾಕತ್ತೀರಿ ಮಾವಾರ! ನೀರ್ ಕುಡ್ಯಾಕ ಬಂದಾವ್ರಿ!"

"ನೀರಿಗೆ ಬಂದ ಸಾಯ್ತಾವವ್ವ. ಟ್ಯಾಂಕರ್ ಅಂದ್ರ ಹೆದರಬೇಕು ಅವು. ನಾನಂದ್ರೂ ಹೆದರಬೇಕು." ಬಗ್ಗಿ ಇನ್ನೊಂದು ಕಲ್ಲು ಎತ್ತಿಕೊಂಡರು.

ದಿನಾ ಇದೇ ನಡೆಯಿತು. ಮೇಲಿನ ಮನೆಯವರು "ಬುಡ್ಢಾ ಪಾಗಲ್ ಹೋ ಗಯಾ", ಮುದುಕನಿಗೆ ಹುಚ್ಚು ಹಿಡಿದಿದೆ ಎಂದು ಬೈದರು. ಯಾದಗಿರಿ ಮಾತ್ರ ವಾಲ್ವ್ ರಿಪೇರಿ ಮಾಡಿಸಿಕೊಂಡು ಬಂದ.

ಕೊನೆಗೊಂದು ಬೆಳಗ್ಗೆ, ಟ್ಯಾಂಕರ್ ಇನ್ನೂ ತಿರುವಿನಲ್ಲಿರುವಾಗಲೇ, ಜಿಂಕೆಗಳು ಬಂಡೆಗಳ ಮೇಲೆ ಹಾರಿ ಓಡಿಹೋದವು. ಮಾವನವರಿಗೆ ಕಲ್ಲು ಎತ್ತುವ ಕೆಲಸವೇ ಬೀಳಲಿಲ್ಲ.

"ಕಲತವು ನೋಡವ್ವ" ಎಂದರು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ನಾನಿಟ್ಟ ಚಹಾ ಹಾಗೆಯೇ ಆರಿತು.

ಈಗ ಮಾವನವರಿಲ್ಲ. ಬಂಡೆಗಳಿದ್ದಲ್ಲಿ ಕಂಪನಿಗಳ ಕಟ್ಟಡಗಳಿವೆ. ನಾನು ಕೂತ ಆಟೋ ಸೋರುವ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡರೆ ಎಲ್ಲರೂ ಬೈಯುತ್ತಾರೆ. ನಾನು ಮಾತ್ರ ಆ ಒದ್ದೆ ಗೆರೆಯನ್ನೇ ನೋಡುತ್ತಾ ಕೂರುತ್ತೇನೆ. ಆ ಬೇಸಿಗೆ ಅಷ್ಟೂ ಜಿಂಕೆಗಳು ಎಲ್ಲಿ ನೀರು ಕುಡಿದವು? ಕುಡಿದವೋ ಇಲ್ಲವೋ?